ಮಾರಿದವರ ಮಿಲ್ ಸಾಲ ಹೊಲ ಕೊಂಡವರ ತಲೆಗೆ ಬರುತ್ತದೆಯೇ?

ಪ್ರಶ್ನೆ: ಕಾರಟಗಿ ತಾಲ್ಲೂಕಿನಲ್ಲಿ ಎಡದಂಡೆ ಕಾಲುವೆ ನೀರಿನ 4 ಎಕರೆ 20 ಗುಂಟೆ ಗದ್ದೆಯನ್ನು ಎಂಟು ತಿಂಗಳ ಹಿಂದೆ ಖರೀದಿ ಮಾಡಿದೆ. ಮಾರಿದವರು ನಮ್ಮ ಚಿಕ್ಕಪ್ಪನ ಬೀಗರು. ಎಕರೆಗೆ 20 ಲಕ್ಷದಂತೆ 90 ಲಕ್ಷಕ್ಕೆ ಮಾತಾಗಿತ್ತು. ಪತ್ರದಲ್ಲಿ 54 ಲಕ್ಷ ಬರೆಸಿದೆವು, ಅಷ್ಟು ಬ್ಯಾಂಕಿನಿಂದ ಹೋಗಿದೆ, ಉಳಿದದ್ದು ನಗದು. ಪಹಣಿ ನನ್ನ ಹೆಸರಿಗೆ ಆಗಿದೆ. ಈ ಬೆಳೆ ಮಟ್ಟಿಗೆ ಅವರೇ ಲೀಜಿಗೆ ಮಾಡುತ್ತಿದ್ದಾರೆ. ಅವರು ಒಂದು ರೈಸ್ ಮಿಲ್ಲಿನ ಪಾಲುದಾರರು. ಮಿಲ್ ನಿಂತು ನಾಲ್ಕು ತಿಂಗಳಾಯಿತು. ಈಗ ಭತ್ತ ಕೊಟ್ಟ ಆರು ಮಂದಿಯ ಪರವಾಗಿ ನನಗೆ ವಕೀಲರ ನೋಟಿಸು ಬಂದಿದೆ. ಮಿಲ್ 38 ಲಕ್ಷ ಬಾಕಿ ಕೊಡಬೇಕು, ಪಾಲುದಾರರ ಆಸ್ತಿ ಕೊಂಡ ನೀವೂ ಹೊಣೆ, 15 ದಿನದಲ್ಲಿ ಕಟ್ಟದಿದ್ದರೆ ಜಪ್ತಿ ಮಾಡಿಸುತ್ತೇವೆ ಎಂದಿದ್ದಾರೆ. ನಾನು ಕಟ್ಟಬೇಕೆ?

ಉತ್ತರ: ಕಟ್ಟಬೇಕಾಗಿಲ್ಲ. ಆದರೆ ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ. ಇವೆರಡೂ ಬೇರೆ ಬೇರೆ ಮಾತು.

1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಂ ಪ್ರಕಾರ ಫರ್ಮಿನ ಸಾಲಕ್ಕೆ ಪ್ರತಿ ಪಾಲುದಾರನೂ ಜಂಟಿಯಾಗಿಯೂ ಒಂಟಿಯಾಗಿಯೂ ಹೊಣೆ. ಅವನ ಪಾಲು ನಾಲ್ಕಾಣೆಯೇ ಇದ್ದರೂ ಪೂರ್ತಿ 38 ಲಕ್ಷವನ್ನು ಅವನೊಬ್ಬನಿಂದಲೇ, ಅವನ ಸ್ವಂತ ಹೊಲ ಮನೆಯಿಂದಲೇ ವಸೂಲಿ ಮಾಡಬಹುದು. ಭತ್ತ ಕೊಟ್ಟವರ ಕಣ್ಣು ಈ ಗದ್ದೆಯ ಮೇಲೆ ಬಿದ್ದಿರುವುದು ಇದೇ ಕಾರಣಕ್ಕೆ. ನೀವು ಮಾತ್ರ ಪಾಲುದಾರರಲ್ಲ. ಪಾಲುದಾರನ ಸ್ವಂತ ಜಮೀನು ಕೊಂಡ ಮಾತ್ರಕ್ಕೆ ಅವನ ಫರ್ಮಿನ ಸಾಲ ಯಾರ ತಲೆಗೂ ಬರುವುದಿಲ್ಲ. ಅಡಮಾನವಿಲ್ಲದ ಸಾಲಕ್ಕೆ ಮನುಷ್ಯ ಹೊಣೆಯೇ ಹೊರತು ಸರ್ವೆ ನಂಬರ್ ಅಲ್ಲ. ಜಪ್ತಿಯೋ ಅಡಮಾನವೋ ಆಗುವವರೆಗೆ ಸಾಲ ಮಾಡಿದವನೂ ತನ್ನ ಹೊಲ ಮಾರಬಹುದು.

ವಕೀಲರ ನೋಟಿಸು ಕೋರ್ಟಿನ ಆದೇಶವಲ್ಲ. ಹಾಗಿದ್ದರೂ ಈ ಗದ್ದೆಯನ್ನು ಹಿಡಿಯಲು ಕೆಲವು ದಾರಿಗಳಿವೆ, ನಿಮ್ಮ ವಿಷಯದಲ್ಲಿ ಒಂದು ದಾರಿ ಸ್ವಲ್ಪ ತೆರೆದೇ ಇದೆ. ಮೊದಲು ಒಂದು ಹಾಳೆಯ ಮೇಲೆ ತಾರೀಖುಗಳನ್ನು ಸಾಲಾಗಿ ಬರೆಯಿರಿ: ಮಾತುಕತೆ, ಪ್ರತಿ ಹಣ ಸಂದಾಯ, ಪತ್ರಕ್ಕೆ ಸಹಿ, ನೋಂದಣಿ, ಮುಟೇಶನ್, ಮಿಲ್ ನಿಂತದ್ದು, ಭತ್ತದ ಬಾಕಿ ಬಿದ್ದದ್ದು, ದಾವೆ ಇದ್ದರೆ ಹೂಡಿದ ದಿನ. ಇಂಥ ಕೇಸುಗಳು ಬಹುಪಾಲು ಈ ಹಾಳೆಯ ಮೇಲೆಯೇ ತೀರ್ಮಾನವಾಗುತ್ತವೆ.

ಜಪ್ತಿಯ ಮಾತು ಮೊದಲು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಎರಡು ಬಗೆಯ ಜಪ್ತಿ ಇದೆ. ತೀರ್ಪಿಗೆ ಮುಂಚೆ ಆಗುವುದು ಆದೇಶ 38, ನಿಯಮ 5ರ ಕೆಳಗೆ. ಡಿಕ್ರಿ ಆದ ಮೇಲೆ ಅಮಲ್ಜಾರಿಯಲ್ಲಿ ಆಗುವುದು ಆದೇಶ 21, ನಿಯಮ 54ರ ಕೆಳಗೆ. ಜಪ್ತಿಯಾದ ಮೇಲೆ ಮಾರಿದ್ದು 64ನೇ ಕಲಂ ಪ್ರಕಾರ ಜಪ್ತಿ ಮಾಡಿಸಿದವರ ಮುಂದೆ ನಿಲ್ಲದು. ನಿಮ್ಮ ಪತ್ರ ಎಂಟು ತಿಂಗಳು ಹಳೆಯದು, ನೋಟಿಸಿನಲ್ಲಿ ದಾವೆ ನಂಬರೂ ಇಲ್ಲ, ಜಪ್ತಿ ಮಾಡಿಸುತ್ತೇವೆ ಎಂದಷ್ಟೇ ಇದೆ. ಹಾಗಾದರೆ ಖರೀದಿಯ ಹೊತ್ತಿಗೆ ಜಪ್ತಿ ಇರಲಿಲ್ಲ ಎಂದಾಯಿತು. ಜಪ್ತಿಗೆ ಮುಂಚೆ ಹುಟ್ಟಿದ ಮೂರನೆಯವರ ಹಕ್ಕಿಗೆ ಧಕ್ಕೆಯಿಲ್ಲ ಎಂದು ಆದೇಶ 38, ನಿಯಮ 10 ಬಿಡಿಸಿ ಹೇಳುತ್ತದೆ. ಜಪ್ತಿಗೆ ಮೊದಲು ಸಹಿಯಾಗಿ ಆಮೇಲೆ ನೋಂದಣಿಯಾದ ಪತ್ರಕ್ಕೂ ಇದೇ ರಕ್ಷಣೆ ಇದೆ ಎಂದು ಹಮ್ದಾ ಅಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೂ ಖಚಿತ ಮಾಡಿಕೊಳ್ಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರಿದವರ ಹೆಸರು, ಮಿಲ್ಲಿನ ಹೆಸರು, ಉಳಿದ ಪಾಲುದಾರರ ಹೆಸರು, ಮೂರನ್ನೂ ಹುಡುಕಿ. ಹೆಸರಿನ ಕಾಗುಣಿತ ಎರಡು ಮೂರು ಥರ ಹಾಕಿ ನೋಡಿ. ಕಾರಟಗಿ ಮೊದಲು ಗಂಗಾವತಿ ತಾಲ್ಲೂಕಿನಲ್ಲಿತ್ತು, ಕೊಪ್ಪಳ ಜಿಲ್ಲೆಯೇ 1997ರವರೆಗೆ ರಾಯಚೂರಿನ ಭಾಗ. ಹಾಗಾಗಿ ಗಂಗಾವತಿ ಕೋರ್ಟುಗಳನ್ನು ಬಿಡಬೇಡಿ. ಹಳೆಯ ಪತ್ರಗಳಲ್ಲಿ ಜಿಲ್ಲೆ ರಾಯಚೂರು ಎಂದಿದ್ದರೆ ಗಾಬರಿಯಾಗಬೇಡಿ.

ಇನ್ನು ನಿಮ್ಮ ವಿಷಯದಲ್ಲಿ ನಿಜವಾಗಿ ನೋಯುವ ಜಾಗ. ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಂ ಹೇಳುವುದು ಇಷ್ಟು: ಸಾಲ ಕೊಟ್ಟವರಿಗೆ ಕೈ ಕೊಡುವ ಉದ್ದೇಶದಿಂದ ಆಸ್ತಿ ಮಾರಿದ್ದರೆ, ಆ ಮಾರಾಟವನ್ನು ಸಾಲ ಕೊಟ್ಟವರು ರದ್ದು ಮಾಡಿಸಬಹುದು. ಒಬ್ಬರೇ ದಾವೆ ಹೂಡಿದರೂ ಅದು ಎಲ್ಲ ಸಾಲ ಕೊಟ್ಟವರ ಪರವಾಗಿ ಇರಬೇಕು. ಸದ್ಭಾವನೆಯಿಂದ, ತಕ್ಕ ಬೆಲೆ ಕೊಟ್ಟು ಕೊಂಡವರಿಗೆ ಇದೇ ಕಲಂ ರಕ್ಷಣೆಯನ್ನೂ ಕೊಡುತ್ತದೆ. ನ್ಯಾಯಾಧೀಶರು ನೋಡುವುದು ಹೆಚ್ಚಾಗಿ ನಾಲ್ಕೈದು ಗುರುತುಗಳನ್ನು: ಕೊಂಡವರು ನೆಂಟರೇ, ಬೆಲೆ ಕಡಿಮೆಯೇ, ಹಣ ನಿಜಕ್ಕೂ ಹೋಯಿತೇ, ಮಾರಿದವನು ಹೊಲದಲ್ಲೇ ಉಳಿದನೇ, ಇದ್ದದ್ದೆಲ್ಲ ಒಮ್ಮೆಲೇ ಮಾರಿದನೇ. ನಿಮ್ಮ ಪ್ರಶ್ನೆಯಲ್ಲಿ ಇವುಗಳ ಪೈಕಿ ಮೂರು ನೀವೇ ಬರೆದಿದ್ದೀರಿ.

ಬೀಗರಾದದ್ದು ತಪ್ಪಲ್ಲ, ಅದೊಂದೇ ಇದ್ದರೆ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಕಷ್ಟ. ಬೆಲೆಯ ವಿಷಯ ಹಾಗಲ್ಲ. 90 ಲಕ್ಷದ ಗದ್ದೆ ಕಾಗದದ ಮೇಲೆ 54 ಲಕ್ಷಕ್ಕೆ, ಅಂದರೆ ನೂರಕ್ಕೆ ಅರವತ್ತರ ಬೆಲೆಗೆ ಹೋಗಿದೆ. ಉಳಿದ 36 ಲಕ್ಷ ಕೊಟ್ಟೆ ಎಂದು ನೀವು ಹೇಳಲು ಹೊರಟರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಮುಂಗಡ ನಗದಾಗಿ ಪಡೆಯುವುದನ್ನು 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಂ ತಡೆದಿತ್ತು. ಪಡೆದವರಿಗೆ ಅಷ್ಟೇ ಮೊತ್ತದ ದಂಡ, ಕೊಟ್ಟವರಿಗೆ ಆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ. 36 ಲಕ್ಷ ಮುಚ್ಚಿಟ್ಟದ್ದರಿಂದ ನೂರಕ್ಕೆ 5ರ ಮುದ್ರಾಂಕ ಶುಲ್ಕದ ಲೆಕ್ಕದಲ್ಲಿ ಉಳಿದದ್ದು 1.80 ಲಕ್ಷ. ನಮ್ಮ ಕಡೆ ಇದು ವಾಡಿಕೆ ಎಂಬುದು ನಿಜ. ವಾಡಿಕೆ ಎಂದು ಕೋರ್ಟಿನಲ್ಲಿ ಹೇಳಲಾಗದು. ಸರ್ಕಾರದ ಮಾರ್ಗಸೂಚಿ ಬೆಲೆ ಎಕರೆಗೆ 12 ಲಕ್ಷಕ್ಕಿಂತ ಕಡಿಮೆ ಇದ್ದರೆ, ಅದೇ ಊರಿನಲ್ಲಿ ಅದೇ ತಿಂಗಳುಗಳಲ್ಲಿ ನೋಂದಣಿಯಾದ ಬೇರೆ ಪತ್ರಗಳಲ್ಲೂ ಅಷ್ಟೇ ಬೆಲೆ ಇದ್ದರೆ, ಅವುಗಳ ದೃಢೀಕೃತ ನಕಲು ತೆಗೆಸಿ ಇಟ್ಟುಕೊಳ್ಳಿ. ನಿಮಗೆ ಸಿಗುವ ಗಟ್ಟಿ ಆಧಾರ ಅದೇ. 54 ಲಕ್ಷ ಹೋದ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಮ್ಯಾನೇಜರ್ ಸಹಿ, ಮೊಹರು ಹಾಕಿಸಿ. ಆ ಹಣದಿಂದ ಅವರು ಯಾವುದಾದರೂ ಹಳೆಯ ಸಾಲ ತೀರಿಸಿದ್ದರೆ ಅದರ ದಾಖಲೆಯನ್ನೂ ಕೇಳಿ ಪಡೆಯಿರಿ. ಒಬ್ಬರ ಸಾಲ ಮೊದಲು ತೀರಿಸಿ ಇನ್ನೊಬ್ಬರದನ್ನು ಬಿಟ್ಟದ್ದು ತಾನಾಗಿಯೇ ಮೋಸವಾಗದು.

ಮೂರನೆಯದು ಲೀಜು. ಇದನ್ನು ಈ ಕಟಾವಿಗೇ ನಿಲ್ಲಿಸಿ. ಮಾರಿದವನೇ ಉಳುತ್ತಿದ್ದರೆ, ಪತ್ರ ನಾಟಕ, ಹೊಲ ಇನ್ನೂ ಅವನದೇ ಎಂದು ಎದುರು ವಕೀಲರು ವಾದಿಸುತ್ತಾರೆ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನೆಂದು ಅವರ ಹೆಸರೇ ಬಂದಿದ್ದರೆ ಇನ್ನೂ ಕೆಟ್ಟದ್ದು. ಹಾಗಂತ ಈಗ ಲೀಜು ಕರಾರು ಬರೆಸಲು ಹೋಗಬೇಡಿ. ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ, ಆ ಕಾಗದ ನಿಮ್ಮನ್ನೇ ಕಚ್ಚುತ್ತದೆ. ಮುಂದಿನ ಬೆಳೆಯನ್ನು ನೀವೇ ಹಾಕಿ. ಬೀಜ, ಗೊಬ್ಬರ, ಟ್ರಾಕ್ಟರ್ ಬಾಡಿಗೆ, ನಾಟಿ ಕೂಲಿ ನಿಮ್ಮ ಖಾತೆಯಿಂದ ಹೋಗಲಿ, ಭತ್ತ ಮಾರಿದ ಹಣ ನಿಮ್ಮ ಖಾತೆಗೆ ಬರಲಿ.

ನಿಮ್ಮ ಪರವಾಗಿ ಒಂದು ಒಳ್ಳೆಯ ವಾದವೂ ಇದೆ. ಪತ್ರವಾದ ದಿನ ಮಿಲ್ ನಡೆಯುತ್ತಿತ್ತು, ನಿಂತದ್ದು ನಾಲ್ಕು ತಿಂಗಳ ಆಮೇಲೆ. ಪಾಲುದಾರಿಕೆ ಕಾಯ್ದೆಯ 49ನೇ ಕಲಂ ಪ್ರಕಾರ ಫರ್ಮಿನ ಸಾಲಕ್ಕೆ ಮೊದಲು ಫರ್ಮಿನ ಆಸ್ತಿ. ಆ ದಿನ ಮಿಲ್ಲಿನ ಜಾಗ, ಯಂತ್ರ, ದಾಸ್ತಾನು ಸಾಲಕ್ಕಿಂತ ಹೆಚ್ಚಿಗೆ ಇದ್ದವು ಎಂದು ತೋರಿಸಿದರೆ ಸಾಲ ಕೊಟ್ಟವರಿಗೆ ಕೈ ಕೊಡುವ ಉದ್ದೇಶವಿತ್ತು ಎಂಬ ವಾದ ಸಡಿಲವಾಗುತ್ತದೆ.

ಇನ್ನೊಂದು ವಿಷಯ ಹಲವು ವಕೀಲರೂ ಮರೆಯುತ್ತಾರೆ: ಗದ್ದೆ ನಿಜಕ್ಕೂ ಅವರ ಸ್ವಂತದ್ದೇ, ಫರ್ಮಿನದೇ? 2020ರ ತಿದ್ದುಪಡಿಗೆ ಮುಂಚೆ ಭೂ ಸುಧಾರಣಾ ಕಾಯ್ದೆಯ 79ಬಿ ಕಲಂ ಕಂಪನಿ, ಸಂಘ ಸಂಸ್ಥೆಗಳಂಥವು ಕೃಷಿ ಭೂಮಿ ಹೊಂದುವುದನ್ನು ತಡೆದಿತ್ತು. ಹಾಗಾಗಿ ಮಿಲ್ಲಿನ ದುಡ್ಡಿನಲ್ಲಿ ಕೊಂಡ ಹೊಲ ಒಬ್ಬ ಪಾಲುದಾರನ ಹೆಸರಿಗೆ ಪತ್ರವಾಗುವುದು ಇತ್ತು. ಫರ್ಮಿನ ಹಣದಲ್ಲಿ ಕೊಂಡದ್ದು, ಬೇರೆ ಉದ್ದೇಶ ಕಾಣದಿದ್ದರೆ, ಫರ್ಮಿನ ಆಸ್ತಿಯೇ ಎನ್ನುತ್ತದೆ ಪಾಲುದಾರಿಕೆ ಕಾಯ್ದೆಯ 14ನೇ ಕಲಂ. ಫರ್ಮಿನ ಸ್ಥಿರಾಸ್ತಿ ಮಾರುವ ಅಧಿಕಾರ ಒಬ್ಬ ಪಾಲುದಾರನಿಗೆ ತಾನಾಗಿ ಇರುವುದಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 19ನೇ ಕಲಂ. ಪಹಣಿಯ 9ನೇ ಕಾಲಂನ ಹೆಸರು ಇದಕ್ಕೆ ಉತ್ತರ ಕೊಡದು. 10ನೇ ಕಾಲಂನಲ್ಲಿ ಅವರಿಗೆ ಹೊಲ ಹೇಗೆ ಬಂತು ನೋಡಿ. ಪಿತ್ರಾರ್ಜಿತ, ವಾಟ್ನಿ ಎಂದಿದ್ದರೆ ಈ ಚಿಂತೆ ಬಹುತೇಕ ಬಿಡಬಹುದು. ಖರೀದಿಯಾಗಿದ್ದರೆ ಅವರ ಹಳೆಯ ಖರೀದಿ ಪತ್ರದಲ್ಲಿ ಚೆಕ್ ಯಾರ ಖಾತೆಯದು, ಪಾಲುದಾರಿಕೆ ಪತ್ರದ ಬಂಡವಾಳದ ಪುಟದಲ್ಲಿ ಈ ಸರ್ವೆ ನಂಬರ್ ಇದೆಯೇ, ಫರ್ಮಿನ ಬ್ಯಾಲೆನ್ಸ್ ಶೀಟಿನಲ್ಲಿ ಜಮೀನು ತೋರಿಸಿದ್ದಾರೆಯೇ ನೋಡಬೇಕು. ಇದ್ದರೆ ಉಳಿದ ಪಾಲುದಾರರಿಂದ ನೋಂದಾಯಿತ ಸಮ್ಮತಿ ಪತ್ರ ತೆಗೆದುಕೊಳ್ಳಿ.

ಅಡಮಾನದ ಮಾತೊಂದು ಉಳಿದಿದೆ. ಮಿಲ್ಲಿನ ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಪಾಲುದಾರನ ಸ್ವಂತ ಹೊಲದ ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ, ಆ ಸಾಲ ಮಾತ್ರ ಹೊಲದ ಜೊತೆಯೇ ನಿಮಗೆ ಬರುತ್ತದೆ. ಮೂಲ ಪತ್ರಗಳನ್ನು ಇಟ್ಟು ಮಾಡುವ ಅಡಮಾನ ಎಲ್ಲ ಸಲವೂ ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಕಾಣುವುದಿಲ್ಲ. ಮೂಲ ಪತ್ರಗಳು ನಿಮ್ಮ ಕೈಗೆ ಬಂದಿವೆಯೇ? ಕಳೆದಿವೆ ಎಂದು ಪೊಲೀಸ್ ದೂರಿನ ಪ್ರತಿ ಕೊಟ್ಟಿದ್ದರೆ ನಾಳೆಯೇ ಆ ಮಿಲ್ಲಿನ ಬ್ಯಾಂಕಿಗೆ ಹೋಗಿ ವಿಚಾರಿಸಿ. ಪಹಣಿಯ 11ನೇ ಕಾಲಂ ಮತ್ತು ಬ್ಯಾಂಕ್ ಅಡಮಾನಗಳನ್ನು ದಾಖಲಿಸುವ ಸೆರ್ಸೈ ನೋಂದಣಿ ಜಾಲತಾಣದಲ್ಲಿಯೂ ಹುಡುಕಿ.

ನೋಟಿಸಿಗೆ ಉತ್ತರವನ್ನು ಆ 15 ದಿನದೊಳಗೇ ವಕೀಲರ ಮೂಲಕ ಕೊಡಿಸಿ, ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ. ಎರಡು ಪುಟ ಸಾಕು: ಪತ್ರದ ನಂಬರ್ ಮತ್ತು ತಾರೀಖು, ಬ್ಯಾಂಕಿನಿಂದ ಹೋದ ಹಣದ ವಿವರ, ನೀವು ಪಾಲುದಾರರಲ್ಲ, ಖರೀದಿಯ ಹೊತ್ತಿಗೆ ಈ ಬಾಕಿ ನಿಮಗೆ ಗೊತ್ತಿರಲಿಲ್ಲ (ಗೊತ್ತಿರದಿದ್ದರೆ ಮಾತ್ರ ಹಾಗೆ ಬರೆಯಿರಿ), ದಾವೆ ಅಥವಾ ಜಪ್ತಿ ಆದೇಶವಿದ್ದರೆ ಪ್ರತಿ ಕೊಡಿ. ನಗದಿನ ಮಾತು ಎತ್ತುವುದೋ ಬಿಡುವುದೋ ಎಂಬುದನ್ನು ವಕೀಲರ ಜೊತೆ ಕೂತು ನಿರ್ಧರಿಸಿ; ಸುಳ್ಳು ಮಾತ್ರ ಬರೆಸಬೇಡಿ. ಫೋನಿನಲ್ಲಿ ‘ಸ್ವಲ್ಪ ಕೊಟ್ಟು ಮುಗಿಸೋಣ’ ಎಂದು ರಾಜಿ ಮಾತಾಡಲೂ ಬೇಡಿ, ಅದು ಹೊಣೆ ಒಪ್ಪಿಕೊಂಡಂತೆ ಕಾಣುತ್ತದೆ. ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಕೆಳಗೆ ಗಂಗಾವತಿಯ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ (ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನರ್ಜಿ) ಹಾಕಿ. ಅದರ ಆಯುಷ್ಯ 90 ದಿನ, ಮುಗಿದರೆ ಮತ್ತೆ ಹಾಕಬೇಕು.

ಇಷ್ಟಾದ ಮೇಲೂ ಡಂಗುರ ಹೊಡೆದು ಹೊಲಕ್ಕೆ ಜಪ್ತಿ ನೋಟಿಸು ಅಂಟಿಸಿದರೆ, ಜಪ್ತಿ ಮಾಡಿದ ಅದೇ ಕೋರ್ಟಿಗೆ ಆದೇಶ 21, ನಿಯಮ 58ರ ತಕರಾರು ಅರ್ಜಿ ಹಾಕಬೇಕು. ಹರಾಜು ಆಗುವವರೆಗೆ ಕಾದರೆ ಅರ್ಜಿಯನ್ನೇ ತೆಗೆದುಕೊಳ್ಳದಿರಬಹುದು. ಅದರ ಮೇಲಿನ ಆದೇಶ ಡಿಕ್ರಿಗೆ ಸಮ, ಮೇಲ್ಮನವಿಗೆ ಅವಕಾಶವಿದೆ. ಒಂದು ವೇಳೆ 53ನೇ ಕಲಂ ದಾವೆ ನಿಮ್ಮ ವಿರುದ್ಧ ಹೋದರೂ ಇಡೀ ಗದ್ದೆ ಹೋಯಿತು ಎಂದಲ್ಲ. ಪತ್ರ ನಿಮ್ಮಿಬ್ಬರ ನಡುವೆ ಊರ್ಜಿತವಾಗಿಯೇ ಇರುತ್ತದೆ. ಸಾಲ, ಬಡ್ಡಿ, ಖರ್ಚು ತೀರಿ ಉಳಿದದ್ದು ನಿಮ್ಮದು. ಡಿಕ್ರಿ ಹಣ ಕಟ್ಟಿ ಗದ್ದೆ ಉಳಿಸಿಕೊಂಡು, ಅದನ್ನು ಮಾರಿದವರಿಂದ ವಸೂಲಿಗೆ ದಾವೆ ಹೂಡುವ ದಾರಿಯೂ ಇದೆ. ಬೀಗತನ ಎಂದು ಅವರಿಗೆ ನೋಟಿಸು ಕೊಡಲು ಹಿಂಜರಿಯಬೇಡಿ.

ಪ್ರಶ್ನೆ: ರಾಯಚೂರು ಹತ್ತಿರ 3 ಎಕರೆ ಹತ್ತಿ ಹೊಲಕ್ಕೆ 42 ಲಕ್ಷ ಮಾತಾಗಿ 6 ಲಕ್ಷ ಸಂಚಕಾರ ಕೊಟ್ಟಿದ್ದೇನೆ. ಬಾಂಡ್ ಮೇಲೆ ಕರಾರು ಬರೆದು ನೋಟರಿ ಮಾಡಿಸಿದ್ದೇವೆ. ಮಾರುವವರು ಜಿನ್ನಿಂಗ್ ಮಿಲ್ಲಿನ ಪಾಲುದಾರರಾಗಿದ್ದರು, ಎರಡು ವರ್ಷದ ಹಿಂದೆ ಬಿಟ್ಟಿದ್ದೇನೆ ಎಂದು ನಿವೃತ್ತಿ ಪತ್ರ ತೋರಿಸುತ್ತಾರೆ. ಸಾಕೇ?

ಉತ್ತರ: ಸಾಲದು. ಬಿಟ್ಟು ಹೋದರೂ ಇದ್ದಾಗಿನ ಸಾಲಗಳಿಗೆ ಪಾಲುದಾರ ಹೊಣೆಯೇ, ಸಾಲ ಕೊಟ್ಟವರು ಒಪ್ಪಿ ಬಿಡುಗಡೆ ಮಾಡಿದ್ದರೆ ಮಾತ್ರ ಬೇರೆ. ಬಿಟ್ಟ ನಂತರದ ಸಾಲಕ್ಕೂ, ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಹೊಣೆ ಮುಂದುವರಿಯುತ್ತದೆ. ಪಾಲುದಾರಿಕೆ ಕಾಯ್ದೆಯ 32ನೇ ಕಲಂ ಓದಿ. ನೋಂದಾಯಿತ ಫರ್ಮ್ ಆಗಿದ್ದರೆ ಪ್ರಕಟಣೆ ಎಂದರೆ ಫರ್ಮುಗಳ ರಿಜಿಸ್ಟ್ರಾರರಿಗೆ ತಿಳಿಸುವುದು, ರಾಜ್ಯಪತ್ರದಲ್ಲಿ ಹಾಕಿಸುವುದು, ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲಾದರೂ ಹಾಕಿಸುವುದು, ಮೂರೂ. ಫರ್ಮುಗಳ ರಿಜಿಸ್ಟರನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ನಕಲು ಪಡೆಯಬಹುದು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ಅಲ್ಲಿ ಅವರ ಹೆಸರು ಇನ್ನೂ ಇದ್ದರೆ ಮನೆಯಲ್ಲಿರುವ ನಿವೃತ್ತಿ ಪತ್ರಕ್ಕೆ ಹೊರಗಿನವರ ಮುಂದೆ ಬೆಲೆ ಕಡಿಮೆ.

ನಿಮ್ಮ ದುರ್ಬಲ ಕೊಂಡಿ ನೋಟರಿ ಕರಾರು. ಕರಾರಿಗೂ ಖರೀದಿ ಪತ್ರಕ್ಕೂ ನಡುವೆ ಹೊಲ ಜಪ್ತಿಯಾದರೆ? ಮೊದಲು ಕೋರ್ಟುಗಳು ಹಿಂದಿನ ಕರಾರನ್ನು ಕಾಪಾಡುತ್ತಿದ್ದವು. ಸಿವಿಲ್ ಪ್ರಕ್ರಿಯಾ ಸಂಹಿತೆಯ 64ನೇ ಕಲಂನ, 2002ರಲ್ಲಿ ಜಾರಿಗೆ ಬಂದ ಎರಡನೇ ಉಪಕಲಂ, ಜಪ್ತಿಗೆ ಮುಂಚೆ *ನೋಂದಣಿಯಾದ* ಕರಾರನ್ನು ಹೆಸರಿಸಿ ರಕ್ಷಿಸುತ್ತದೆ. ಆದ್ದರಿಂದ ಈ ವಾರವೇ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಸ್ವಾಧೀನ ಪಡೆಯದ ಕರಾರು ಎಂದೇ ಬರೆಸಿ. ಸ್ವಾಧೀನ ಕೊಟ್ಟಿದೆ ಎಂದರೆ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ.

ಇ.ಸಿ.ಯನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆಯುವಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಹುಡುಕಾಟ ನಡೆಯುವುದು ಸರ್ವೆ ನಂಬರ್ ಮೇಲೆ. ಈಗಿನ 112/2ಅ ಎಂದಷ್ಟೇ ಹಾಕಿದರೆ, ಪೋಡಿಗೆ (ಸರ್ವೆ ನಂಬರ್ ಒಡೆದು ಹಿಸ್ಸಾ ಮಾಡುವುದಕ್ಕೆ) ಮುಂಚೆ 112/2 ಎಂದಿದ್ದಾಗಿನ ಅಡಮಾನ ಬರುವುದಿಲ್ಲ. ಋಣವಿಲ್ಲ ಎಂಬ ನಮೂನೆ 16 ಕೈಗೆ ಬಂದು ಜನ ಖುಷಿಯಾಗುತ್ತಾರೆ. ಹಳೆಯ, ಹೊಸ ಹಿಸ್ಸಾ ಎರಡಕ್ಕೂ ತೆಗೆಯಿರಿ, 30 ವರ್ಷಕ್ಕೆ ತೆಗೆಯಿರಿ. 2004ಕ್ಕಿಂತ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ನೋಂದಣಿಯ ದಿನ ಬೆಳಿಗ್ಗೆ ಇನ್ನೊಮ್ಮೆ ತೆಗೆಯಿರಿ. ಕೈಸಾಲ, ಪ್ರೋನೋಟು, ಕೋರ್ಟಿನ ದಾವೆ, ತೆರಿಗೆ ಬಾಕಿ ಯಾವುದೂ ಇದರಲ್ಲಿ ಇರುವುದಿಲ್ಲ ಎಂಬುದು ನೆನಪಿರಲಿ.

ಉಳಿದ 36 ಲಕ್ಷದಲ್ಲಿ ಬ್ಯಾಂಕ್ ಸಾಲ ಇದ್ದರೆ ಅಷ್ಟನ್ನು ನೇರ ಆ ಸಾಲದ ಖಾತೆಗೇ ಕಟ್ಟಿ, ಮೂಲ ಪತ್ರಗಳನ್ನು ಬ್ಯಾಂಕಿನವರ ಕೈಯಿಂದಲೇ ತೆಗೆದುಕೊಳ್ಳಿ. ಖರೀದಿ ಪತ್ರದಲ್ಲಿ ಇಂಥ ಒಂದು ಸಾಲು ಸೇರಿಸಿ: “ಮಾರಾಟಗಾರರು ಹಿಂದೆ ಅಥವಾ ಈಗ ಪಾಲುದಾರರಾಗಿರುವ ಯಾವುದೇ ಫರ್ಮಿನ ಸಾಲ, ತೆರಿಗೆ, ಡಿಕ್ರಿಯ ಕಾರಣ ಈ ಸ್ವತ್ತಿಗೆ ತೊಂದರೆ ಬಂದಲ್ಲಿ ಅದರ ಪೂರ್ತಿ ನಷ್ಟವನ್ನು ಬಡ್ಡಿ, ಖರ್ಚು ಸಹಿತ ತುಂಬಿಕೊಡತಕ್ಕದ್ದು; ಅದಕ್ಕೆ ಭದ್ರತೆಯಾಗಿ ತಮ್ಮ ಇನ್ನೊಂದು ಸ್ವತ್ತನ್ನು ಆಧಾರ ಮಾಡಿದ್ದಾರೆ.” ಕೊನೆಯ ಭಾಗವೇ ಮುಖ್ಯ. ಇನ್ನೊಂದು ಸ್ವತ್ತಿನ ಸರ್ವೆ ನಂಬರ್, ಚಕಬಂದಿ ಇಲ್ಲದೆ ಬರೀ ಮೊದಲ ಭಾಗ ಬರೆಸಿದರೆ, ದಿವಾಳಿ ಎದ್ದವನ ಮೇಲೆ ಅದು ಕೆಲಸಕ್ಕೆ ಬಾರದು. ಸಾಲ ಕೊಟ್ಟವರನ್ನಂತೂ ಅದು ಕಟ್ಟಿಹಾಕುವುದೇ ಇಲ್ಲ.

ಪ್ರಶ್ನೆ: ಬಳ್ಳಾರಿಯಲ್ಲಿ ಮುಚ್ಚಿದ ಜೀನ್ಸ್ ವಾಷಿಂಗ್ ಘಟಕದ ಜಾಗ, ಶೆಡ್ಡನ್ನು ಫರ್ಮಿನಿಂದ ಕೊಳ್ಳುವವನಿದ್ದೇನೆ. ಜಿಎಸ್‌ಟಿ ಮತ್ತು ಕರೆಂಟು ಬಾಕಿ ಇದೆಯಂತೆ. ನನ್ನ ಮೇಲೆ ಬರುತ್ತದೆಯೇ?

ಉತ್ತರ: ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ *ವ್ಯಾಪಾರವನ್ನೇ* ಕೊಂಡವರು ಹಳೆಯ ತೆರಿಗೆಗೆ ಜಂಟಿ ಹೊಣೆ. ಜಾಗ, ಶೆಡ್ಡು ಮಾತ್ರ ಕೊಳ್ಳುವುದು ವ್ಯಾಪಾರ ಕೊಂಡಂತಲ್ಲ. ನಮ್ಮ ರಾಜ್ಯದ್ದೇ ಶ್ರೇಯಸ್ ಪೇಪರ್ಸ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಮಾರಾಟ ತೆರಿಗೆ ಕಾಯ್ದೆಯ ಬಗ್ಗೆ ಹೀಗೆಂದೇ ಹೇಳಿತು. ಬಾಕಿಯ ತಿಳಿವಳಿಕೆ ಇಲ್ಲದೆ ಬೆಲೆ ಕೊಟ್ಟು ಕೊಂಡವರ ಮೇಲೆ ತೆರಿಗೆಯ ಋಣಭಾರ ಹೇರಲಾಗದು ಎಂದೂ ಹೇಳಿತು. ನಿಮ್ಮ ತೊಂದರೆ ಏನೆಂದರೆ ನಿಮಗೆ ತಿಳಿದಿದೆ. ತೆರಿಗೆ ತಪ್ಪಿಸಲು ಮಾಡಿದ ಮಾರಾಟ ಅನೂರ್ಜಿತ ಎನ್ನುವ ಜಿಎಸ್‌ಟಿ ಕಾಯ್ದೆಯ 81ನೇ ಕಲಂ, ಬಾಕಿ ತಿಳಿದು ಕೊಳ್ಳುವವರಿಗೆ ಉಳಿಸುವ ದಾರಿ ಒಂದೇ, ತೆರಿಗೆ ಅಧಿಕಾರಿಯ ಪೂರ್ವಾನುಮತಿ. ಬಾಕಿ ಎಷ್ಟೆಂದು ಲಿಖಿತವಾಗಿ ತರಿಸಿ, ಅಷ್ಟನ್ನು ಬೆಲೆಯಲ್ಲಿ ಮುರಿದು ಫರ್ಮಿನ ಹೆಸರಿನಲ್ಲೇ ಕಟ್ಟಿಸಿ, ಆಮೇಲೆ ಪತ್ರ. ಜಿಎಸ್‌ಟಿ ಜಾಲತಾಣದಲ್ಲಿ ನಂಬರ್ ಹಾಕಿದರೆ ನೋಂದಣಿ ಚಾಲ್ತಿಯೋ ರದ್ದೋ ಎಂದಷ್ಟೇ ತಿಳಿಯುತ್ತದೆ, ಬಾಕಿ ತಿಳಿಯದು. ಫರ್ಮಿನ ಜಾಗವಾದ್ದರಿಂದ ಎಲ್ಲ ಪಾಲುದಾರರ ಸಹಿ ಬೇಕೇ ಬೇಕು. ಖರೀದಿ ಪತ್ರದಲ್ಲಿ ಘಟಕದ ಹೆಸರು, ಗಿರಾಕಿಗಳು, ಕೆಲಸಗಾರರು ಇತ್ಯಾದಿ ಬರೆಸಬೇಡಿ. ನಡೆಯುವ ಉದ್ದಿಮೆಯನ್ನೇ ಕೊಂಡಂತಾದರೆ ಪಿ.ಎಫ್. ಬಾಕಿಯೂ ಬೆನ್ನು ಹತ್ತುತ್ತದೆ.

ಕರೆಂಟಿನ ಲೆಕ್ಕ ಬೇರೆ. ಹಳೆಯ ಮಾಲೀಕನ ಬಾಕಿಯನ್ನು ಹೊಸ ಮಾಲೀಕನಿಂದ ಕೇಳುವ ಷರತ್ತು ವಿದ್ಯುತ್ ಪೂರೈಕೆ ನಿಯಮಗಳಲ್ಲಿದ್ದರೆ ಅದು ಸಿಂಧು ಎಂದು 2023ರ ಮೇ ತಿಂಗಳಲ್ಲಿ ಕೆ.ಸಿ. ನೈನನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮೀಟರಿನ ಆರ್.ಆರ್. ನಂಬರ್ ಬರೆದುಕೊಂಡು ಜೆಸ್ಕಾಂ ಉಪವಿಭಾಗದಲ್ಲಿ ಬಾಕಿ ಇಲ್ಲವೆಂಬ ಪತ್ರ ಕೇಳಿ. ಮೀಟರ್ ಕಿತ್ತುಕೊಂಡು ಹೋಗಿದ್ದರೂ ಆ ನಂಬರಿನ ಹಳೆಯ ಬಿಲ್ಲೊಂದನ್ನು ಫರ್ಮಿನವರಿಂದ ಪಡೆಯಿರಿ. ಒಂದೇ ಶೆಡ್ಡಿಗೆ ಎರಡು ಆರ್.ಆರ್. ನಂಬರ್ ಇರುವುದುಂಟು, ಬೋರ್‌ವೆಲ್ ಮೋಟರಿನದು ಬೇರೆ, ಎರಡನ್ನೂ ಕೇಳಿ.